ಕೈತೋಟದ ಮಣ್ಣು, ಜಲ್ಲಿ ಅಂದಾಜು
ಪಾತಿ, ಹುಲ್ಲುಹಾಸು, ಕಾಲುದಾರಿಗಳಿಗೆ ಬೇಕಾಗುವ ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ, ಮರಳು, ಜಲ್ಲಿಗಳ ಪ್ರಮಾಣವನ್ನು ತರಿಸುವ ಮೊದಲೇ ಲೆಕ್ಕಹಾಕುವ ಕ್ರಮ. ಉದ್ದ, ಅಗಲ, ದಪ್ಪಗಳನ್ನು ಗುಣಿಸಿ ಘನಫಲ ಪಡೆಯಲಾಗುತ್ತದೆ. ದಪ್ಪವನ್ನು ಇಂಚಿನಿಂದ ಅಡಿಗೆ ಇಳಿಸದಿದ್ದರೆ ಉತ್ತರ 12 ಪಟ್ಟು ಹಿಗ್ಗುತ್ತದೆ. ಕರ್ನಾಟಕದಲ್ಲಿ ವ್ಯಾಪಾರದ ಅಳತೆ ಸಾಮಾನ್ಯವಾಗಿ ಘನ ಅಡಿ. 100 ಘನ ಅಡಿಗೆ (ಸುಮಾರು 2.83 ಘನ ಮೀಟರ್) ಉತ್ತರ ಕರ್ನಾಟಕದಲ್ಲಿ ‘ಬ್ರಾಸ್’ ಎನ್ನುತ್ತಾರೆ. 30 ಅಡಿ ಉದ್ದ, 10 ಅಡಿ ಅಗಲದ ಪಾತಿಗೆ 4 ಇಂಚು ಮಣ್ಣು ಹರಡಲು ಸರಿಯಾಗಿ ಒಂದು ಬ್ರಾಸ್ ಬೇಕು. ಸಡಿಲ ಮಣ್ಣು ನೀರು ಬಿದ್ದಮೇಲೆ ಕೂರುವುದರಿಂದ ಶೇ. 10ರಿಂದ 20ರಷ್ಟು ಹೆಚ್ಚಿಗೆ ಹಿಡಿಯುವುದು ವಾಡಿಕೆ. ಗೊಬ್ಬರ ಕೊಳೆತು ಇನ್ನಷ್ಟು ಇಳಿಯುತ್ತದೆ, ಜಲ್ಲಿ ಕಡಿಮೆ. ‘ಟ್ರ್ಯಾಕ್ಟರ್ ಲೋಡ್’ ನಿಶ್ಚಿತ ಮಾನವಲ್ಲ, ಟ್ರೈಲರಿನ ಒಳ ಅಳತೆಯೇ ಆಧಾರ. ತೂಕದ ಲೆಕ್ಕ ಒದ್ದೆ ಮಣ್ಣಿನಲ್ಲಿ ದಾರಿ ತಪ್ಪಿಸುತ್ತದೆ.