ಬೆರಳ ಹಿಂದೆ ಹೊರಟ ಗೆರೆ

1970ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಗ್ಯಾಲರಿಯೊಂದರಲ್ಲಿ ‘ಮೆಟಾಪ್ಲೇ’ ಎಂಬ ಪ್ರದರ್ಶನ ನಡೆಯಿತು. ಒಳಗೆ ಬಂದವರಿಗೆ ದೊಡ್ಡ ಪರದೆಯ ಮೇಲೆ ತಮ್ಮದೇ ಬಿಂಬ ಕಾಣುತ್ತಿತ್ತು. ಬೆರಳೆತ್ತಿ ಗಾಳಿಯಲ್ಲಿ ಆಡಿಸಿದರೆ ಬಿಂಬದ ಬೆರಳತುದಿಯಿಂದ ಗೆರೆಯೊಂದು ಹೊರಟು ಚಿತ್ರವಾಗುತ್ತಿತ್ತು. ಯಂತ್ರಕ್ಕೆ ಕಣ್ಣು ಬಂದಿದೆ ಅನ್ನಿಸುವಂತಿತ್ತು.

ಕಣ್ಣು ಯಂತ್ರದ್ದಾಗಿರಲಿಲ್ಲ. ಸುಮಾರು ಒಂದು ಮೈಲಿ ದೂರದ ಕಂಪ್ಯೂಟರ್ ಕೇಂದ್ರದಲ್ಲಿ ಮೈರನ್ ಕ್ರೂಗರ್ ಎಂಬಾತ ಟ್ಯಾಬ್ಲೆಟ್ ಮೇಲೆ ಪೆನ್ನು ಹಿಡಿದು ಕೂತಿದ್ದ. ಮೊದಲು ನೋಡುಗನೊಬ್ಬನ ಕೈಯ ಸುತ್ತ ಗೆರೆ ಎಳೆಯಹೋದನಂತೆ. ಆ ಮನುಷ್ಯ ಕೈ ಸರಿಸಿದ. ಈತ ಅಳಿಸಿ ಮತ್ತೆ ಬರೆದ, ಅವನು ಮತ್ತೆ ಸರಿಸಿದ. ಹೀಗೆ ಆಟ ಬೆಳೆದು, ಕೊನೆಗೆ ಕ್ರೂಗರನ ಪೆನ್ನು ಬರೀ ಬೆರಳತುದಿಯನ್ನು ಹಿಂಬಾಲಿಸತೊಡಗಿತು. ಚಲನೆಯನ್ನು ಗುರುತಿಸುವ ಯಂತ್ರಗಳ ಚರಿತ್ರೆಯಲ್ಲಿ ಹೀಗೊಬ್ಬ ಮನುಷ್ಯ ಯಂತ್ರದ ಪಾತ್ರ ಮಾಡಿದ್ದು ನನಗಂತೂ ತುಂಬ ಇಷ್ಟದ ಸಂಗತಿ.

ಅದೇ ದಿನಗಳಲ್ಲಿ ಇನ್ನೊಂದು ಘಟನೆ ನಡೆಯಿತು. ಎರಡೂ ಕಡೆಯ ಕ್ಯಾಮೆರಾ ಚಿತ್ರಗಳು ಒಂದೇ ಪರದೆಯಲ್ಲಿ ಬೆರೆತಿದ್ದವು. ಅಂಕಿಗಳನ್ನು ತೋರಿಸುತ್ತ ಕ್ರೂಗರನ ಕೈಯ ಬಿಂಬ ಸಹೋದ್ಯೋಗಿಯ ಕೈಯ ಬಿಂಬದ ಮೇಲೆ ಬಿತ್ತು. ಒಂದು ಮೈಲಿ ಆಚೆ ಕೂತಿದ್ದ ಆ ಸಹೋದ್ಯೋಗಿ, ಮೈಗೆ ಮೈ ತಾಗಿದವರಂತೆ, ತಟ್ಟನೆ ಕೈ ಸರಿಸಿಕೊಂಡ. ಬಿಂಬವನ್ನೂ ಜನ ತಮ್ಮ ಮೈಯೆಂದೇ ಬಗೆಯುತ್ತಾರೆ ಎಂಬುದು ಕ್ರೂಗರನಿಗೆ ಆಗ ಹೊಳೆಯಿತು. ಮುಂದೆ ಆತ ವರ್ಷಗಟ್ಟಲೆ ಕಟ್ಟಿದ ‘ವಿಡಿಯೋಪ್ಲೇಸ್’ಗೆ ಇದೇ ಬುನಾದಿ. ಅಲ್ಲಿ ‘ಕ್ರಿಟರ್’ ಎಂಬ ಪುಟ್ಟ ಜೀವಿ ನಿಮ್ಮ ನೆರಳನ್ನು ಹತ್ತಿ, ನೆತ್ತಿ ಮುಟ್ಟಿ ಕುಣಿಯುತ್ತಿತ್ತು. ಆ ಕಾಲದ ಕಂಪ್ಯೂಟರಿಗೆ ಇಷ್ಟು ವೇಗ ಇರಲಿಲ್ಲವಾದ್ದರಿಂದ ಬೇಕಾದ ವಿಶೇಷ ಯಂತ್ರಾಂಶವನ್ನೂ ಆತನೇ ಕಟ್ಟಬೇಕಾಯಿತು.

ಎಂಐಟಿಯ ರಿಚರ್ಡ್ ಬೋಲ್ಟ್ 1980ರಲ್ಲಿ ತೋರಿಸಿದ ‘ಪುಟ್ ದಟ್ ದೇರ್’ನಲ್ಲಿ ಬಾಯಲ್ಲಿ ಹೇಳಿ, ಕೈಯಲ್ಲಿ ತೋರಿಸಿ ಪರದೆಯ ಆಕೃತಿಗಳನ್ನು ಸರಿಸಬಹುದಿತ್ತು, ಆದರೆ ಕೈಗೆ ಸಂವೇದಕ ಕಟ್ಟಿಕೊಳ್ಳಬೇಕಿತ್ತು. ಕ್ರೂಗರನದು ಒಂದೇ ಹಟ: ಮೈಗೆ ಏನನ್ನೂ ತೊಡಿಸಬಾರದು.

ಆ ಹಟ ಮನೆಮನೆಗೆ ಬಂದದ್ದು 2010ರ ನವೆಂಬರಿನಲ್ಲಿ, ಮೈಕ್ರೋಸಾಫ್ಟಿನ ಕಿನೆಕ್ಟ್ ಮೂಲಕ. ಕಣ್ಣಿಗೆ ಕಾಣದ ಅತಿಗೆಂಪು ಚುಕ್ಕೆಗಳನ್ನು ಕೋಣೆಯ ತುಂಬ ಚೆಲ್ಲಿ, ಅವು ಎಷ್ಟು ಸರಿದಿವೆ ಎಂಬುದರಿಂದ ಅದು ದೂರವನ್ನು ಅಳೆಯುತ್ತಿತ್ತು. ಬೆಲೆ 150 ಡಾಲರ್. ಆದರೆ ಆಟದ ಪೆಟ್ಟಿಗೆಗಷ್ಟೇ ಜೋಡಿಸಲೆಂದು ಮಾಡಿದ್ದು. ಅಡಾಫ್ರೂಟ್ ಎಂಬ ಸಣ್ಣ ಕಂಪನಿ, ಎಲ್ಲರೂ ಬಳಸಬಹುದಾದ ಚಾಲಕ ತಂತ್ರಾಂಶ ಬರೆದವರಿಗೆ 1,000 ಡಾಲರ್ ಬಹುಮಾನ ಸಾರಿತು. ಮೈಕ್ರೋಸಾಫ್ಟ್ ಗದರಿತು, ಬಹುಮಾನ 2,000ಕ್ಕೆ, ಆಮೇಲೆ 3,000ಕ್ಕೆ ಏರಿತು. ನವೆಂಬರ್ 10ರಂದು ಕಿನೆಕ್ಟ್ ಯುರೋಪಿಗೆ ಬಂದ ದಿನವೇ ಸ್ಪೇನಿನ ಹೆಕ್ಟರ್ ಮಾರ್ಟಿನ್ ಅದನ್ನು ಗೆದ್ದ. ಬಹುಮಾನದ ಹಿಂದೆ ಇದ್ದವನು ಕಿನೆಕ್ಟ್ ತಂಡದಲ್ಲೇ ಇದ್ದ ಜಾನಿ ಲೀ ಎಂಬುದು ಆಮೇಲೆ ಬಯಲಾಯಿತು. ತಿಂಗಳು ಕಳೆಯುವ ಮೊದಲೇ ಕಂಪನಿಯವರು, ಆ ಬಾಗಿಲನ್ನು ಬೇಕೆಂದೇ ತೆರೆದಿಟ್ಟಿದ್ದೆವು ಎಂದು ರೇಡಿಯೋದಲ್ಲಿ ಹೇಳಿಕೊಂಡರು!

ಬಾಗಿಲು ತೆರೆದದ್ದೇ ತಡ, ರೋಬೋಟಿಗೆ ಕಣ್ಣಾಗಿ, ಕಲಾವಿದರಿಗೆ ಕುಂಚವಾಗಿ ಅದು ಎಲ್ಲೆಲ್ಲೋ ಹೋಯಿತು. ಟೊರಾಂಟೊದ ಆಸ್ಪತ್ರೆಯೊಂದರಲ್ಲಿ ಶಸ್ತ್ರವೈದ್ಯರು ತೊಳೆದ ಕೈಯನ್ನು ಎಲ್ಲೂ ತಾಗಿಸದೆ, ಗಾಳಿಯಲ್ಲಿ ಆಡಿಸಿ ರೋಗಿಯ ಸ್ಕ್ಯಾನ್ ಚಿತ್ರಗಳನ್ನು ತಿರುವಿದರು. ಆಟದ ಕೋಣೆಯಲ್ಲಿ ಮಾತ್ರ ಅದರ ಮೋಹ ಬೇಗ ಇಳಿಯಿತು. 2017ರಲ್ಲಿ ತಯಾರಿಕೆ ನಿಂತಿತು. ಮೊದಲ ಕಿನೆಕ್ಟಿನ ಸಂವೇದಕ ರೂಪಿಸಿದ್ದ ಇಸ್ರೇಲಿನ ಪ್ರೈಮ್‌ಸೆನ್ಸ್ ಅಷ್ಟರಲ್ಲಿ ಆಪಲ್ ಪಾಲಾಗಿತ್ತು. ಅದೇ ವರ್ಷ ಬಂದ ಐಫೋನ್ ಎಕ್ಸ್, ಅಂಥದೇ ಕಾಣದ ಚುಕ್ಕೆಗಳನ್ನು ಚೆಲ್ಲಿ ಒಡೆಯನ ಮುಖ ಗುರುತಿಸತೊಡಗಿತು.