ಕರಿಬಂಡೆಯಿಂದ ಮುರಕಲ್ಲಿನವರೆಗೆ

ಕಾರ್ಕಳದ ಗೊಮ್ಮಟಬೆಟ್ಟದ ಮೇಲೆ ನಿಂತರೆ ಮೂಡಲಲ್ಲಿ ಘಟ್ಟದ ಸಾಲು. ಅದರಲ್ಲಿ ಕುದುರೆಮುಖದ ಎತ್ತರ 1,892 ಮೀಟರ್. ಪಡುವಲಿಗೆ ಕಡಲು ನಲವತ್ತು ಕಿಲೋಮೀಟರೂ ದೂರವಿಲ್ಲ. ಇಷ್ಟು ಕಿರಿದಾದ ಪಟ್ಟಿಯಲ್ಲಿ ಎಲ್ಲಿ ಯಾವ ಕಲ್ಲಿದೆಯೋ, ಅಲ್ಲಿನ ಚರಿತ್ರೆಯೂ ಅದಕ್ಕೆ ತಕ್ಕಂತೆಯೇ ಬೆಳೆದಿದೆ.

ಕಾರ್ಕಳದ್ದು ಗಟ್ಟಿ ಬಂಡೆ. ಗುರು ಲಲಿತಕೀರ್ತಿಯ ಪ್ರೇರಣೆಯಿಂದ ಭೈರರಸ ವೀರಪಾಂಡ್ಯ 1432ರಲ್ಲಿ ಇಲ್ಲಿ ನಿಲ್ಲಿಸಿದ ಏಕಶಿಲೆಯ ಬಾಹುಬಲಿಯ ಎತ್ತರ ಸುಮಾರು 42 ಅಡಿ. ಮೂರ್ತಿಯನ್ನು ಬೇರೆಡೆ ಕಡೆದು ಬಂಡಿಯ ಮೇಲೆ ಬೆಟ್ಟಕ್ಕೆ ಎಳೆತಂದರೆಂದು 17ನೇ ಶತಮಾನದ ಕವಿ ಚಂದ್ರಮ ವರ್ಣಿಸಿದ್ದಾನೆ. ಕವಿಯ ಉತ್ಪ್ರೇಕ್ಷೆ ಎಂದು ನಗುವವರು 1973ನ್ನು ನೆನಪಿಸಿಕೊಳ್ಳಬೇಕು. ರೆಂಜಾಳ ಗೋಪಾಲ ಶೆಣೈ ಕಾರ್ಕಳದಲ್ಲೇ ಕಡೆದ 39 ಅಡಿಯ ಬಾಹುಬಲಿ ಆ ವರ್ಷ ಸಾಲುಸಾಲು ಚಕ್ರಗಳ ಟ್ರಾಲಿಯಲ್ಲಿ ಮಲಗಿ ಧರ್ಮಸ್ಥಳಕ್ಕೆ ಹೊರಟಿತು. ಅದರ ಪ್ರತಿಷ್ಠಾ ಮಹೋತ್ಸವ ನಡೆದದ್ದು 1982ರಲ್ಲಿ. ಬಂಡೆಯೊಂದೇ ಇದ್ದು ಉಳಿಯ ಕಸುಬು ಇಲ್ಲದಿದ್ದರೆ ಇದಾವುದೂ ಆಗುತ್ತಿರಲಿಲ್ಲ. ಗೊಮ್ಮಟನೆದುರು 1586ರಲ್ಲಿ ಎದ್ದ ಚತುರ್ಮುಖ ಬಸದಿಯ ಮಾಡಿಗೂ ಕಲ್ಲಿನ ಚಪ್ಪಡಿಯೇ.

ಕಾಪುವಿನಲ್ಲಿ ಬಂಡೆ ಅಲೆಗಳಿಗೇ ಎದೆಯೊಡ್ಡಿದೆ. 1901ರ ದೀಪಸ್ತಂಭಕ್ಕೆ ಆ ಪಾದೆಯೇ ಅಡಿಪಾಯ.

ಮಲ್ಪೆಯಾಚೆಯ ಸೇಂಟ್ ಮೇರೀಸ್ ದ್ವೀಪದ ಕಂಬಗಳನ್ನು ಯಾವ ಶಿಲ್ಪಿಯೂ ಕಡೆದದ್ದಲ್ಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಕಳಚಿಕೊಳ್ಳುತ್ತಿದ್ದ ಕಾಲದಲ್ಲಿ, ಉಕ್ಕಿದ ಲಾವಾ ತಣಿದು ಕುಗ್ಗಿ ಐದಾರು ಮುಖಗಳ ಕಂಬಗಳಾಗಿ ಸೀಳಿತು. ಜನರ ಬಾಯಲ್ಲಿ ಮಾತ್ರ ಇದು 1498ರಲ್ಲಿ ವಾಸ್ಕೋ ಡ ಗಾಮ ಬಂದಿಳಿದ ದ್ವೀಪ. ಗಾಮನ ಕಥೆ ಈ ಕಂಬಗಳ ಮುಂದೆ ನಿನ್ನೆ ಮೊನ್ನೆಯದು.

ಉಡುಪಿ, ಮಣಿಪಾಲದ ಮನೆಗಳ ಗೋಡೆಯಲ್ಲಿರುವುದು ಮುರಕಲ್ಲು. ಮುಂಗಾರಿನ ಮಳೆ ಯುಗಯುಗಗಳಿಂದ ಸಿಲಿಕವನ್ನು ತೊಳೆದೊಯ್ದು ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡುಗಳನ್ನು ಉಳಿಸಿದ್ದರಿಂದ ಹುಟ್ಟಿದ ಕೆಂಪುಕಲ್ಲು. ಹೊಸದಾಗಿ ತೋಡಿದಾಗ ಮೆತ್ತಗಿದ್ದು ಕೊಡಲಿಯ ಏಟಿಗೆ ಸುಲಭವಾಗಿ ಕಡಿಯಬಹುದು. ತೂತುತೂತಾದ ಮೈಯಿಂದ ಪಸೆ ಆರಿ ಗಾಳಿ ತಾಗಿದ ಮೇಲೆ ಗಟ್ಟಿಯಾಗುತ್ತದೆ. ಮಲಬಾರಿನಲ್ಲಿ ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಈ ಕರಾವಳಿಯಲ್ಲೂ ಸಂಚರಿಸಿದ್ದ. ಮಣಿಪಾಲ ಈ ಮುರಕಲ್ಲಿನದೇ ಬೋಳು ಪದವಾಗಿತ್ತು. ಬೇಸಾಯಕ್ಕೆ ಒದಗದ ಆ ಗುಡ್ಡದ ಮೇಲೆ ಡಾ. ಟಿ.ಎಂ.ಎ. ಪೈ 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ತೆರೆದರು.

ಗದ್ದೆಯಾಗದ ಕಲ್ಲು ಊರಾಯಿತು, ಊರು ಬೆಳೆದಂತೆ ಕಲ್ಲಿಗೆ ಬೇಡಿಕೆಯೂ ಏರಿತು. ಕೊಡಲಿಯ ಜಾಗಕ್ಕೆ ಯಂತ್ರದ ಗರಗಸ ಬಂದು ಕೋರೆಗಳು ಬಾವಿಯಷ್ಟು ಆಳಕ್ಕೆ ಇಳಿದಿವೆ. ಮಳೆಗಾಲದಲ್ಲಿ ನೀರು ತುಂಬಿದ ಆ ಹೊಂಡಗಳಿಗೆ ಮಕ್ಕಳು ಬಿದ್ದ ಸುದ್ದಿ ಕರಾವಳಿಗೆ ಹೊಸದಲ್ಲ. ಕಲ್ಲು ತೆಗೆದವರೇ ಹೊಂಡ ಮುಚ್ಚಲಿ. ಅಲ್ಲಿಯವರೆಗೆ ಸುತ್ತ ಬೇಲಿಯನ್ನಾದರೂ ಹಾಕಲಿ.