ಹಟ್ಟಿಯ ಹೊನ್ನು, ಪರುಷದ ಕಥೆ ಮತ್ತು ಆವೇಶಿತ ಗೋಳದ ಶಕ್ತಿ: ಒಂದು ಚಾರಿತ್ರಿಕ ವಿವೇಚನೆ

ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿಗೆ ಸೇರಿದ ಹಟ್ಟಿಯ ಚರಿತ್ರೆಯನ್ನು ಸಾಮಾನ್ಯವಾಗಿ ಎರಡು ನೆಲೆಗಳಲ್ಲಿ ಬರೆಯಲಾಗುತ್ತದೆ. ಒಂದು ಪ್ರಾಚೀನ ಗಣಿಗಳ ಪುರಾತತ್ವ. ಇನ್ನೊಂದು ಆಧುನಿಕ ಕಂಪನಿಯ ಆಡಳಿತ ಚರಿತ್ರೆ. ಚಿನ್ನವನ್ನು ನೆಲದಿಂದ ಅಗೆದೇ ಏಕೆ ಪಡೆಯಬೇಕು, ಅದನ್ನು ಮನುಷ್ಯನು ಏಕೆ ಮಾಡಿಕೊಳ್ಳಲಾರ ಎಂಬ ಪ್ರಶ್ನೆ ಇವೆರಡರಲ್ಲಿಯೂ ಅಷ್ಟಾಗಿ ಬರುವುದಿಲ್ಲ. ಈ ಪ್ರಶ್ನೆಗೆ ಜನಪದರು ಪರುಷದ ಕಥೆಯ ಮೂಲಕ ಉತ್ತರ ಹೇಳಿಕೊಂಡಿದ್ದಾರೆ. ಭೌತವಿಜ್ಞಾನವು ಆವೇಶಿತ ಗೋಳವೊಂದನ್ನು ಕಟ್ಟಲು ಬೇಕಾದ ಸ್ಥಿರವಿದ್ಯುತ್ ಶಕ್ತಿಯ ಲೆಕ್ಕದ ಮೂಲಕ ಉತ್ತರಿಸುತ್ತದೆ. ಇವೆರಡನ್ನೂ ಹಟ್ಟಿಯ ಚರಿತ್ರೆಯ ಎದುರಿಗಿಟ್ಟು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹಟ್ಟಿಯ ಪ್ರಾಚೀನತೆ

ಹಟ್ಟಿ-ಮಸ್ಕಿ ಶಿಲಾಪಟ್ಟಿಯಲ್ಲಿ ಪ್ರಾಚೀನರು ತೋಡಿದ ಗಣಿಗಳ ಕುರುಹುಗಳು ದೊರೆತಿವೆ. ಹಟ್ಟಿಯಲ್ಲಿ ಅವು 600 ಅಡಿಗೂ ಹೆಚ್ಚು ಆಳಕ್ಕೆ ಇಳಿದಿದ್ದವು. ಅಲ್ಲಿ ಸಿಕ್ಕ ಮರದ ತುಂಡುಗಳ ಇಂಗಾಲ ಕಾಲನಿರ್ಣಯವು ಸುಮಾರು 2000 ವರ್ಷಗಳ ಹಿಂದಕ್ಕೆ ನಮ್ಮನ್ನು ಒಯ್ಯುತ್ತದೆ. ಬಂಡೆಗೆ ಬೆಂಕಿಯಿಟ್ಟು ಕಾಯಿಸಿ, ನೀರೆರಚಿ ಬಿರಿಯಿಸಿ, ಸಿಡಿದ ಕಲ್ಲನ್ನು ಮೇಲಕ್ಕೆ ಸಾಗಿಸಿ, ಅರೆದು, ತೊಳೆದು ಹೊನ್ನಿನ ಕಣಗಳನ್ನು ಬೇರ್ಪಡಿಸುವುದು ಆ ಕಾಲದ ಕ್ರಮವಾಗಿತ್ತು. ಅಶೋಕನ ಹೆಸರನ್ನು ಸ್ಪಷ್ಟವಾಗಿ ಹೇಳುವ ಮಸ್ಕಿಯ ಶಾಸನವನ್ನು 1915ರಲ್ಲಿ ಬೆಳಕಿಗೆ ತಂದ ಸಿ. ಬೀಡನ್ ಚಿನ್ನದ ಗಣಿಯ ಎಂಜಿನಿಯರರಾಗಿದ್ದರೆಂಬುದು ಗಮನಾರ್ಹ. ಹೊನ್ನನ್ನು ಅರಸಿ ಬಂದವರಿಗೆ ಈ ನೆಲ ಚರಿತ್ರೆಯನ್ನೂ ತೋರಿಸಿತು.

ಪರುಷದ ಕಥನ

ಮುಟ್ಟಿದ ಕಬ್ಬಿಣವನ್ನು ಹೊನ್ನಾಗಿಸುವ ಪರುಷದ ಕಲ್ಪನೆ ಕನ್ನಡ ಜನಪದದಲ್ಲಿ ಆಳವಾಗಿ ಬೇರೂರಿದೆ. ವಚನಕಾರರಿಗೂ ಅದು ಪ್ರಿಯವಾದ ರೂಪಕ. ಈ ಕಥನದ ರಚನೆಯಲ್ಲಿ ಎರಡೇ ಸ್ಥಿತಿಗಳಿವೆ: ಮೊದಲು ಕಬ್ಬಿಣ, ಅನಂತರ ಹೊನ್ನು. ನಡುವೆ ಇರುವುದು ಒಂದು ಸ್ಪರ್ಶ. ಸಮಯ, ಶ್ರಮ, ವೆಚ್ಚ ಯಾವುದೂ ಅಲ್ಲಿಲ್ಲ. ಲೋಹಗಳ ಕೆಲಸ ಮಾಡುವ ಅಕ್ಕಸಾಲಿ, ಕಮ್ಮಾರರ ನಡುವೆಯೇ ಬಾಳಿದ ಸಮಾಜವು ಕೆಲಸವೇ ಇಲ್ಲದ ಲೋಹಾಂತರವನ್ನು ಕನಸಿತೆಂಬುದು ಆಲೋಚನೆಗೆ ಎಡೆಮಾಡುತ್ತದೆ.

ಗೋಳವನ್ನು ಕಟ್ಟುವ ಲೆಕ್ಕ

ಜಾನಪದ ಅಧ್ಯಯನದಲ್ಲಿ ‘ಆವೇಶ’ವೆಂದರೆ ದೇವರು ಮೈಮೇಲೆ ಬರುವುದು. ಭೌತವಿಜ್ಞಾನದ ಕನ್ನಡದಲ್ಲಿ ಅದೇ ಮಾತು ವಸ್ತುವಿನಲ್ಲಿರುವ ವಿದ್ಯುತ್ತಿನ ಪ್ರಮಾಣವನ್ನು ಸೂಚಿಸುತ್ತದೆ. ಒಂದೇ ಬಗೆಯ ಆವೇಶಗಳು ಪರಸ್ಪರ ದೂರ ತಳ್ಳುತ್ತವೆ. ಆದ್ದರಿಂದ ಅವುಗಳನ್ನು ಒಂದೆಡೆ ಕೂಡಿಸಲು ಶಕ್ತಿ ಬೇಕು.

ಈ ಶಕ್ತಿಯನ್ನು ಲೆಕ್ಕ ಹಾಕಲು ಗೋಳವನ್ನು ಪದರಪದರವಾಗಿ ಕಟ್ಟುತ್ತಿದ್ದೇವೆಂದು ಭಾವಿಸಬೇಕು. ಮೊದಲ ಕಣವನ್ನು ತರಲು ಏನೂ ವೆಚ್ಚವಿಲ್ಲ. ಅದನ್ನು ತಳ್ಳುವವರು ಇನ್ನೂ ಯಾರೂ ಇಲ್ಲ. ಗೋಳ ಬೆಳೆದಂತೆ ಒಳಗಿನ ಆವೇಶ ತ್ರಿಜ್ಯದ ಘನಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಪ್ರತಿಯೊಂದು ಹೊಸ ಪದರವೂ ಹಿಂದಿನದಕ್ಕಿಂತ ಹೆಚ್ಚು ವಿರೋಧವನ್ನು ಎದುರಿಸಿ ಬರಬೇಕು. ಎಲ್ಲ ಪದರಗಳ ವೆಚ್ಚವನ್ನು ಕೂಡಿಸಿದಾಗ ದೊರೆಯುವ ಮೊತ್ತ ಇದು: ಒಟ್ಟು ಆವೇಶದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿ, ಸ್ಥಿರವಿದ್ಯುತ್ ಸ್ಥಿರಾಂಕದಿಂದ ಗುಣಿಸಿ, ಅದರ ಐದರಲ್ಲಿ ಮೂರು ಪಾಲು ತೆಗೆದುಕೊಳ್ಳಬೇಕು. ಆವೇಶವೆಲ್ಲ ಹೊರಮೈಯಲ್ಲಿಯೇ ಹರಡಿದ್ದರೆ ಈ ಪಾಲು ಅರ್ಧಕ್ಕಿಳಿಯುತ್ತದೆ.

ಈ ಲೆಕ್ಕಕ್ಕೂ ಹೊನ್ನಿಗೂ ನಿಕಟ ಸಂಬಂಧವಿದೆ. ಗೈಗರ್ ಮತ್ತು ಮಾರ್ಸ್ಡನ್ ಅವರು 1909ರಲ್ಲಿ ತೆಳುವಾದ ಚಿನ್ನದ ಹಾಳೆಯ ಮೇಲೆ ಆಲ್ಫಾ ಕಣಗಳನ್ನು ಹಾಯಿಸಿ ನಡೆಸಿದ ಪ್ರಯೋಗವನ್ನು ಆಧರಿಸಿ, ಪರಮಾಣುವಿನ ಆವೇಶ ಅತಿ ಚಿಕ್ಕ ಕೇಂದ್ರದಲ್ಲಿ ಅಡಕವಾಗಿದೆಯೆಂದು ರುದರ್‌ಫೋರ್ಡ್ 1911ರಲ್ಲಿ ಸ್ಥಾಪಿಸಿದರು. ಈ ಕೇಂದ್ರವೇ ಪರಮಾಣು ಬೀಜ. ಚಿನ್ನದ ಬೀಜದಲ್ಲಿ 79 ಪ್ರೋಟಾನುಗಳಿವೆ. ಅದರ ತ್ರಿಜ್ಯ ಸುಮಾರು 7 ಫೆಮ್ಟೋಮೀಟರ್. ಅದನ್ನು ಸಮನಾಗಿ ಆವೇಶ ತುಂಬಿದ ಗೋಳವೆಂದು ಭಾವಿಸಿದರೆ ಕೂಡಿಸುವ ಶಕ್ತಿ ಸುಮಾರು 770 ದಶಲಕ್ಷ ಎಲೆಕ್ಟ್ರಾನ್ ವೋಲ್ಟ್ ಆಗುತ್ತದೆ. 26 ಪ್ರೋಟಾನುಗಳ ಕಬ್ಬಿಣದ ಬೀಜಕ್ಕೆ ಇದು ಸುಮಾರು 127 ದಶಲಕ್ಷ, ಅಂದರೆ ಹೆಚ್ಚುಕಡಿಮೆ ಆರರಲ್ಲಿ ಒಂದು ಪಾಲು. ಇಷ್ಟು ವಿಕರ್ಷಣೆಯನ್ನು ಮೀರಿ ಬೀಜವನ್ನು ಹಿಡಿದಿಡುವುದು ಬೈಜಿಕ ಬಲ. ಆದರೆ ಆ ಬಲ ತೀರ ಹತ್ತಿರದಲ್ಲಿ ಮಾತ್ರ ಕೆಲಸ ಮಾಡುತ್ತದೆ. ಅಲ್ಲಿಯವರೆಗೆ ವಿಕರ್ಷಣೆಯನ್ನು ಎದುರಿಸಿಯೇ ಸಾಗಬೇಕು. ಚಿನ್ನ ಕರಗುವ 1064 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿಯೂ ಪ್ರತಿ ಕಣಕ್ಕೆ ದೊರೆಯುವ ಶಕ್ತಿ ಒಂದು ಎಲೆಕ್ಟ್ರಾನ್ ವೋಲ್ಟಿನ ಹತ್ತನೆಯ ಒಂದು ಭಾಗದಷ್ಟು. ರಸವಾದಿಗಳ ಕುಲುಮೆಗಳು ಏಕೆ ಸೋತವೆಂಬುದಕ್ಕೆ ಈ ಅಂತರವೇ ಉತ್ತರ.

ಲೆಕ್ಕ ಮತ್ತು ಚರಿತ್ರೆ

ನಿಸರ್ಗವು ಹೊನ್ನನ್ನು ಮೇಲೆ ಹೇಳಿದ ಕ್ರಮದಲ್ಲಿ ಕಟ್ಟಲಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಆವೇಶವಿಲ್ಲದ ನ್ಯೂಟ್ರಾನನ್ನು ಯಾವ ವಿಕರ್ಷಣೆಯೂ ತಡೆಯುವುದಿಲ್ಲ. ಬೀಜದೊಳಗೆ ಹೊಕ್ಕ ನ್ಯೂಟ್ರಾನುಗಳಲ್ಲಿ ಕೆಲವು ಅನಂತರ ಪ್ರೋಟಾನುಗಳಾಗಿ ಮಾರ್ಪಡುತ್ತವೆ. ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿಯಾದಲ್ಲಿ ಇಂಥ ಭಾರಧಾತುಗಳು ಹುಟ್ಟುತ್ತವೆಂಬುದಕ್ಕೆ 2017ರ ವೀಕ್ಷಣೆ ಬಲವಾದ ಆಧಾರ ಒದಗಿಸಿತು. ದಾರಿ ಬೇರೆಯಾದರೂ ಗೋಳದ ಸ್ಥಿರವಿದ್ಯುತ್ ಶಕ್ತಿ ಬದಲಾಗದು. ಅದು ಕೊನೆಯ ಸ್ಥಿತಿಯನ್ನು ಮಾತ್ರ ಅವಲಂಬಿಸಿದೆ. ಪದರಪದರವಾಗಿ ಕಟ್ಟುವುದು ಲೆಕ್ಕದ ಅನುಕೂಲಕ್ಕಾಗಿ ಹೇಳಿಕೊಂಡ ಒಂದು ಕಥೆ.

ಮನುಷ್ಯನೂ ಈಗ ಹೊನ್ನು ಮಾಡಿದ್ದಾನೆ. ಜಿನೀವಾ ಬಳಿಯ ಸರ್ನ್ ಸಂಸ್ಥೆಯ ಆಲಿಸ್ ತಂಡವು 2025ರಲ್ಲಿ ಪ್ರಕಟಿಸಿದ ಲೆಕ್ಕದಂತೆ, 2015ರಿಂದ 2018ರ ಅವಧಿಯಲ್ಲಿ ಅಲ್ಲಿನ ಯಂತ್ರದಲ್ಲಿ ಸೀಸದ ಬೀಜಗಳು ಪರಸ್ಪರ ತೀರ ಸಮೀಪ ಹಾದುಹೋದಾಗ ವಿದ್ಯುತ್ಕಾಂತ ಕ್ಷೇತ್ರದ ಹೊಡೆತಕ್ಕೆ 3 ಪ್ರೋಟಾನುಗಳನ್ನು ಕಳೆದುಕೊಂಡು ಸುಮಾರು 8,600 ಕೋಟಿ ಚಿನ್ನದ ಬೀಜಗಳಾದವು. ಅವುಗಳ ಒಟ್ಟು ತೂಕ 29 ಪಿಕೋಗ್ರಾಂ, ಎಂದರೆ ಒಂದು ಗ್ರಾಮಿನ ಲಕ್ಷಕೋಟಿ ಭಾಗಗಳಲ್ಲಿ 29 ಭಾಗ. ಅವೂ ಕ್ಷಣಮಾತ್ರ ಉಳಿದವು.

ಶಕ್ತಿಯ ಲೆಕ್ಕದಲ್ಲಿ ದಾರಿಯನ್ನು ಬಿಡಬಹುದು, ಚರಿತ್ರೆಯಲ್ಲಿ ಬಿಡಲಾಗದು. 1947ರಲ್ಲಿ ಹೈದರಾಬಾದ್ ಚಿನ್ನದ ಗಣಿ ಕಂಪನಿಯಾಗಿ ಆರಂಭವಾದ ಸಂಸ್ಥೆ, 1956ರಲ್ಲಿ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಸಂದರ್ಭದಲ್ಲಿ ಹಟ್ಟಿಯ ಹೆಸರನ್ನು ಪಡೆಯಿತು. 2001ರಲ್ಲಿ ಕೋಲಾರದ ಗಣಿಗಳು ಮುಚ್ಚಿದ ಬಳಿಕ ದೇಶದ ಹೊನ್ನಿನ ಉತ್ಪಾದನೆಯಲ್ಲಿ ಹಟ್ಟಿಯದೇ ಮುಖ್ಯ ಸ್ಥಾನವಾಯಿತು. ಒಂದು ಟನ್ ಅದಿರನ್ನು ಒಡೆದು, ಹಿಟ್ಟು ಮಾಡಿ, ಸಯನೈಡ್ ದ್ರಾವಣದಲ್ಲಿ ಕರಗಿಸಿದರೆ ದೊರೆಯುವುದು ಕೆಲವೇ ಗ್ರಾಂ ಹೊನ್ನು. ಈ ಕೆಲವು ಗ್ರಾಮುಗಳ ಹಿಂದೆ, ಬಂಡೆಗೆ ಬೆಂಕಿಯಿಟ್ಟ ಹೆಸರಿಲ್ಲದವರಿಂದ ಮೊದಲುಗೊಂಡು ಇಂದಿನ ಪಾಳಿಯ ಕಾರ್ಮಿಕರವರೆಗೆ ಎರಡು ಸಾವಿರ ವರ್ಷಗಳ ದುಡಿಮೆಯಿದೆ. ಪರುಷದ ಕಥೆ ಈ ದುಡಿಮೆಯನ್ನು ಒಂದು ಸ್ಪರ್ಶದಲ್ಲಿ ಮರೆಸುತ್ತದೆ. ಅರಸರ ಮತ್ತು ಕಂಪನಿಗಳ ಚರಿತ್ರೆಯೂ ಬಹುಮಟ್ಟಿಗೆ ಅದನ್ನೇ ಮಾಡಿದೆ.

ಹಟ್ಟಿ ಎಂಬ ಮಾತಿಗೆ ಕನ್ನಡದಲ್ಲಿ ಜನರ ನೆಲೆ, ದನಗಳ ಕೊಟ್ಟಿಗೆ ಎಂಬ ಅರ್ಥಗಳಿವೆ. ಅದರಲ್ಲಿ ಹೊನ್ನಿನ ಸೂಚನೆಯಿಲ್ಲ. ಗಣಿಗಾರಿಕೆಯ ದಾಖಲೆಗಳೊಂದಿಗೆ ಇಲ್ಲಿನ ಕಾರ್ಮಿಕ ಕುಟುಂಬಗಳ ಮೌಖಿಕ ನೆನಪುಗಳೂ ಸಂಗ್ರಹವಾದಾಗ ಮಾತ್ರ ಹಟ್ಟಿಯ ಹೊನ್ನಿನ ಚರಿತ್ರೆ ಪೂರ್ಣವಾದೀತು. ನೆನಪಿಟ್ಟುಕೊಂಡವರು ನಮ್ಮೊಡನಿರುವಾಗಲೇ ಈ ಕೆಲಸ ನಡೆಯಬೇಕಾಗಿದೆ.